ಶಾಲೆ ಬಿಡಲು ಕಾರಣ

ಮನ್ರೋ, ನ್ಯೂಜೆರ್ಸಿ
ಅಕ್ಟೋಬರ್ 6, 2024, ರವಿವಾರ

ಪ್ರೀತಿಯ ಆಯಿ,

ಈಗಷ್ಟೇ ನಿನ್ನ ಜೊತೆ ವಿಡಿಯೋ ಕಾಲ್ ಮುಗಿಸಿ, ಮೇಲಿನ ನನ್ನ ಕೋಣೆಗೆ ಬಂದು ಈ ಪತ್ರ ಬರೆಯಲು ಕುಳಿತೆ. ಮೊಮ್ಮಗಳಿಗೆ ತಲೆ ಕೆಟ್ಟಿದೆ ಎನ್ನಬೇಡ. ಕಾಲ್ ಮಾಡಿದಾಗ ನನ್ನ ಹಿಂದೆ ಪಪ್ಪಾ ನಿಂತಿರುತ್ತಾರೆ, ನಿನ್ನ ಹಿಂದೆ ಕಾಕಾ ನಿಂತಿರುತ್ತಾನೆ, ನಡುವೆ ಮಮ್ಮಿ ಬಂದು "ಊಟ ಆತೇನ್ರಿ ಅತ್ತಿ" ಅನ್ನುತ್ತಾಳೆ. ನೀನು ಎಲ್ಲದಕ್ಕೂ ನಗುತ್ತಾ ಹೂಂ ಹೂಂ ಅನ್ನುತ್ತೀ. ಹದಿನೈದು ನಿಮಿಷ ಹಾಗೇ ಹೋಗುತ್ತದೆ. ಪತ್ರವಾದರೆ ನೀನೊಬ್ಬಳೇ ಓದುತ್ತೀ. ನಿಧಾನ ತಲುಪಿದರೂ ಪರವಾಗಿಲ್ಲ.

ವಿಷಯ ಏನೆಂದರೆ, ನಾನೀಗ ಎಂಟನೆಯ ಇಯತ್ತೆ. ಇಲ್ಲಿ ಹೈಸ್ಕೂಲು ಒಂಬತ್ತರಿಂದ ಶುರು. ನಮ್ಮ ಬೀದಿಯ ಮಕ್ಕಳೆಲ್ಲ ಮನ್ರೋದ ಹೈಸ್ಕೂಲಿಗೇ ಹೋಗುತ್ತಾರೆ. ಪಪ್ಪಾಗೆ ಮಾತ್ರ ಅದು ಸಾಲದು. ಕೌಂಟಿಯವರ, ಅಂದರೆ ಇಲ್ಲಿಯ ಜಿಲ್ಲೆಯವರ, ಅಕಾಡೆಮಿ ಒಂದಿದೆ, ವೈದ್ಯಕೀಯದ ಕಡೆ ಹೋಗುವವರಿಗೆ. ಪರೀಕ್ಷೆ ಮಾಡಿ ಆರಿಸಿಕೊಳ್ಳುತ್ತಾರೆ. ಪಪ್ಪಾ ಕೆಲಸ ಮಾಡುವ ಪ್ರಿನ್ಸ್‌ಟನ್ ಕಡೆಯ ಔಷಧ ಕಂಪನಿಯಲ್ಲಿ, ಲಂಚ್‌ಗೆ ಜೊತೆಗೆ ಕೂರುವವರ ಮಕ್ಕಳೆಲ್ಲ ಅಂಥ ಅಕಾಡೆಮಿಯಲ್ಲೇ ಇದ್ದಾರಂತೆ. ಅದರ ಕಾಗದಗಳನ್ನು ಪ್ರಿಂಟ್ ಮಾಡಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾರೆ. ನಾನು ಹಾಲು ತೆಗೆಯಲು ಹೋದಾಗಲೆಲ್ಲ ಓದಬೇಕು ಅಂತ.

ಅಲ್ಲಿಗೆ ಹೋದರೆ ನಾಲ್ಕು ವರ್ಷ ಏನು ಓದಬೇಕೆಂಬುದು ಈಗಲೇ ನಿಗದಿ. ಬಯಾಲಜಿ, ಅನಾಟಮಿ, ಹೀಗೆ. ಬಸ್ಸು ಬೆಳಿಗ್ಗೆ ಆರು ಇಪ್ಪತ್ತಕ್ಕೆ. ನಮ್ಮ ಹೈಸ್ಕೂಲಿನಲ್ಲಾದರೆ ಕೆಲವು ವಿಷಯ ನಾವೇ ಆರಿಸಿಕೊಳ್ಳಬಹುದು. ನಾನೂ ನನ್ನ ಗೆಳತಿ ವಿಭಾಳೂ ಸೆರಾಮಿಕ್ಸ್ ತೆಗೆದುಕೊಳ್ಳುವುದೆಂದು ಬೇಸಿಗೆಯಲ್ಲೇ ಮಾತಾಡಿಕೊಂಡಿದ್ದೇವೆ. ಮಣ್ಣಿನಿಂದ ಬಟ್ಟಲು, ಹೂಜಿ ಮಾಡುವುದು. ಪಪ್ಪಾಗೆ ಹೇಳಿದರೆ, "ಗಡಿಗಿ ಮಾಡಾಕ ಅಮೆರಿಕಾಕ್ಕ ಬಂದೀವೇನು?" ಅಂದರು.

ಆಯಿ, ನಾನು ಇನ್ನೆಷ್ಟು ಶಾಲೆ ಬಿಡಬೇಕು? ಗದಗಿನಲ್ಲಿ ಮೂರನೆಯ ಇಯತ್ತೆ ಅರ್ಧಕ್ಕೆ ಬಿಟ್ಟು ಬಂದೆ. ಮೊದಲು ಇದ್ದ ಎಡಿಸನ್ ಊರಿನಲ್ಲಿ ನಾಲ್ಕು ಜನ ಗೆಳತಿಯರಾಗುವಷ್ಟರಲ್ಲಿ ಇಲ್ಲಿ ಮನೆ ತಗೊಂಡರು. ನನಗೆ ಹೇಳಿದ್ದು ಶುಕ್ರವಾರ, ಪ್ಯಾಕ್ ಮಾಡಿದ್ದು ಶನಿವಾರ. ಇಲ್ಲಿಗೆ ಬಂದ ಮೇಲೆ ನಾಲ್ಕು ತಿಂಗಳು ನಾನು ಲೈಬ್ರರಿಯಲ್ಲಿ ಕೂತು ಊಟ ಮಾಡಿದ್ದೇನೆ. ಅಲ್ಲಿ ತಿನ್ನಬಾರದು, ಆದರೂ ಲೈಬ್ರರಿ ಟೀಚರ್ ಏನೂ ಅನ್ನಲಿಲ್ಲ. ಇದನ್ನು ಮಮ್ಮಿಗೂ ಹೇಳಿಲ್ಲ. ಆಮೇಲೆ ವಿಭಾ ಸಿಕ್ಕಳು. ಅವಳ ಮನೆಯವರು ಮೈಸೂರಿನವರು. ನನ್ನ ಕನ್ನಡ ಕೇಳಿ ಮೊದಲು ನಕ್ಕಳು, ಆಮೇಲೆ ಡಬ್ಬಿ ಹಂಚಿಕೊಂಡಳು.

ಇದೆಲ್ಲ ನಿನಗೆ ಗೊತ್ತಿರಲಿ ಅಂತ ಬರೆದೆ. ಪಪ್ಪಾಗೆ ಹೇಳಬೇಡ.

ನಿನ್ನ
ಅಕ್ಷತಾ


ಗದಗ
ದಿನಾಂಕ: 25-10-2024

ಮೊಮ್ಮಗಳು ಅಕ್ಷತಾಳಿಗೆ,

ವಿಷಯ: ಶಾಲೆ ಬದಲಿಸುವ ಕುರಿತು.
ಉಲ್ಲೇಖ: ನಿನ್ನ ದಿನಾಂಕ 6-10-2024ರ ಪತ್ರ.

ನಗಬೇಡ. ಮೂವತ್ತೊಂದು ವರ್ಷ ಹೈಸ್ಕೂಲಿನ ಕಚೇರಿಯಲ್ಲಿ ಗುಮಾಸ್ತೆಯಾಗಿ ಕೂತವಳಿಗೆ ವಿಷಯ, ಉಲ್ಲೇಖ ಬರೆಯದೆ ಪೆನ್ನು ಮುಂದೆ ಹೋಗುವುದಿಲ್ಲ. ನಿವೃತ್ತಿಯಾಗಿ ಹನ್ನೆರಡು ವರ್ಷವಾದರೂ ಕೈ ಅದೇ ಚಾಳಿ ಹಿಡಿದಿದೆ. ನಿನ್ನ ಪತ್ರವನ್ನು ಕಾಕಾ ಅಂಗಡಿಗೆ ಹೋದ ಮೇಲೆ ಒಬ್ಬಳೇ ಕೂತು ಓದಿದೆ. ಮೂರು ಸಲ ಓದಿದೆ.

ಮೊದಲು ಇದನ್ನು ಹೇಳು, ನಿನ್ನ ಟಿ.ಸಿ. ಯಾರು ಕೊಡುತ್ತಾರೆ? ಟಿ.ಸಿ. ಇಲ್ಲದೆ ಒಂದು ಶಾಲೆಯ ಮಗು ಇನ್ನೊಂದು ಶಾಲೆಗೆ ಹೋಗುವುದಾದರೂ ಹೇಗೆ? ನನ್ನ ಕೈಯಲ್ಲಿ ಎಷ್ಟು ಸಾವಿರ ಟಿ.ಸಿ. ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ. ಹೆಸರು, ಜನ್ಮ ದಿನಾಂಕ, ಎಷ್ಟನೆಯ ಇಯತ್ತೆ. ಒಂಬತ್ತನೆಯ ಕಾಲಮ್, ಶಾಲೆ ಬಿಡಲು ಕಾರಣ. ಅಲ್ಲಿ ಬರೆಯುವುದು ಒಂದೇ ಮಾತು: ಪಾಲಕರ ಕೋರಿಕೆಯ ಮೇರೆಗೆ. ಅಪ್ಪನಿಗೆ ವರ್ಗ ಆಗಿರಲಿ, ಮದುವೆ ಆಗಿರಲಿ, ಹೊಟ್ಟೆಪಾಡಿಗೆ ಊರು ಬಿಟ್ಟಿರಲಿ, ಅದೇ ಮಾತು. ನೀನು ಗದಗ ಬಿಡುವಾಗ ನಿನ್ನ ಟಿ.ಸಿ. ತರಲು ನಾನೇ ಹೋಗಿದ್ದೆ. ಜನ್ಮ ದಿನಾಂಕ ತಪ್ಪು ಬರೆದಿದ್ದರು, ನಿಂತು ತಿದ್ದಿಸಿಕೊಂಡು ಬಂದೆ. ಒಂಬತ್ತನೆಯ ಕಾಲಮ್ಮಿನ ಕಡೆ ನೋಡಲೂ ಇಲ್ಲ.

ಇನ್ನು ವಿಷಯಗಳ ಸಂಗತಿ. ನಮ್ಮಲ್ಲಿ ಹತ್ತನೆಯದು ಮುಗಿದ ಮೇಲೆ ವಿಜ್ಞಾನ, ವಾಣಿಜ್ಯ, ಕಲೆ ಅಂತ ಒಮ್ಮೆ ಬರೆದುಕೊಟ್ಟರೆ ಮುಗಿಯಿತು, ತಿದ್ದುವಂತಿಲ್ಲ. ವಿಜ್ಞಾನದಿಂದ ಕಲೆಗೆ ಬಂದವರನ್ನು ಕಂಡಿದ್ದೇನೆ, ಕಲೆಯಿಂದ ವಿಜ್ಞಾನಕ್ಕೆ ಹೋದವರನ್ನು ಕಾಣೆ. ನೀನು ಮಡಕೆ ಅಂತ ಬರೆದುಕೊಟ್ಟ ಮೇಲೆ ನಾಲ್ಕು ವರ್ಷ ಬರೀ ಮಡಕೆಯೇ ಆದರೆ ಬೇಸರ ಬರುವುದಿಲ್ಲವೇ? ವಿಚಾರ ಮಾಡಿ ಬರೆ.

ಲೈಬ್ರರಿಯಲ್ಲಿ ಒಬ್ಬಳೇ ಊಟ ಮಾಡಿದ್ದು ಓದಿ ನನಗೆ ಬಹಳ ಸಂಕಟವಾಯಿತು. ಅವತ್ತು ನಾನು ಅನ್ನ ಉಣ್ಣಲಿಲ್ಲ. ಇಲ್ಲಿಯ ಸೊಸೆ ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಅಂದೆ.

ಈ ರವಿವಾರ ಕಾಲ್‌ನಲ್ಲಿ ನೀನು ಹೇಳಿದ್ದೆಲ್ಲ ಕೇಳಿ ಸಂತೋಷವಾಯಿತು. ಹಾಗೇ ನಡೆಯಲಿ.

ಆಶೀರ್ವಾದಗಳೊಂದಿಗೆ,
ಗುರುಸಿದ್ದಮ್ಮ
(ನಿನ್ನ ಆಯಿ)


ಮನ್ರೋ
ನವೆಂಬರ್ 17, 2024, ರವಿವಾರ

ಪ್ರೀತಿಯ ಆಯಿ,

ವಿಷಯ: ಮಡಕೆ. ಉಲ್ಲೇಖ: ನಿನ್ನ ಪತ್ರ.

ನಗಬೇಡ ಅಂದರೆ ಹೇಗೆ? ವಿಭಾಳಿಗೂ ಓದಿ ಹೇಳಿದೆ. ಇಬ್ಬರೂ ಬಸ್‌ನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇಲ್ಲಿ ನಾಲ್ಕು ವರ್ಷ ಬರೀ ಮಡಕೆ ಮಾಡಬೇಕಾಗಿಲ್ಲ. ಗಣಿತ, ಸೈನ್ಸ್, ಇಂಗ್ಲಿಷ್ ಎಲ್ಲರಿಗೂ ಇದ್ದೇ ಇರುತ್ತದೆ. ಅವುಗಳ ಜೊತೆ ದಿನಕ್ಕೊಂದು ಪೀರಿಯಡ್ ಮಡಕೆ. ಬೇಸರವಾದರೆ ಮುಂದಿನ ವರ್ಷ ಬದಲಿಸಬಹುದು. ಯಾರೂ ತಲೆ ತೆಗೆಯುವುದಿಲ್ಲ.

ಟಿ.ಸಿ. ಇಲ್ಲಿ ಯಾರೂ ಕೊಡುವುದಿಲ್ಲ. ಒಂದು ಶಾಲೆಯ ಕಂಪ್ಯೂಟರಿನಿಂದ ಇನ್ನೊಂದಕ್ಕೆ ಎಲ್ಲ ಹೋಗುತ್ತದೆ. ಎಡಿಸನ್ ಬಿಟ್ಟಾಗ ನನ್ನ ಕೈಗೆ ಒಂದು ಕಾಗದವೂ ಬರಲಿಲ್ಲ. ನೀನು ಕೇಳಿದ ಮೇಲೆ ಅನಿಸಿತು, ಒಂದು ಕಾಗದ ಇದ್ದಿದ್ದರೆ ಚೆನ್ನಾಗಿತ್ತು.

ಇನ್ನೊಂದು ಮಾತು. ಆ ರವಿವಾರ ನಾನು ಹೇಳಿದ್ದು ನನಗೆ ಮೂರು ದಿನದಿಂದ ಜ್ವರ, ಗಂಟಲು ನೋವು ಅಂತ. ಅದಕ್ಕೆ ನಿನಗೆ ಸಂತೋಷವಾಯಿತೇ? ಹಾಗೇ ನಡೆಯಲಿ ಅಂತ ಬೇರೆ ಬರೆದಿದ್ದೀ. ಕಾಕಾ ಟಿವಿ ಜೋರಾಗಿ ಹಾಕಿದ್ದನೇನೋ.

ಪಪ್ಪಾ ಅಕಾಡೆಮಿಗೆ ಅರ್ಜಿ ತುಂಬಿ ಕಳಿಸಿಬಿಟ್ಟರು. ಡಿಸೆಂಬರ್ 7ಕ್ಕೆ ಅಲ್ಲಿ ಓಪನ್ ಹೌಸ್. ಅಂದರೆ ಶಾಲೆ ತೆರೆದಿಡುತ್ತಾರೆ, ಹೋಗಿ ನೋಡಬಹುದು. ಪರೀಕ್ಷೆ ಅದಾದ ಮೇಲೆ. ಮಮ್ಮಿ, "ನೋಡಿ ಬರೂದಕ್ಕೇನು, ಶನಿವಾರ ಹೆಂಗೂ ಖಾಲಿ ಅದೀವಿ" ಅಂದಳು. ಸರಿ, ನೋಡಿ ಬರುತ್ತೇನೆ. ಪರೀಕ್ಷೆಯಲ್ಲೂ ಬೇಕೆಂದೇ ತಪ್ಪು ಬರೆಯುವುದಿಲ್ಲ, ಅದು ಮೋಸ. ಆದರೆ ಒಂದು ಹೇಳುತ್ತೇನೆ, ನೀನು ನೆನಪಿಟ್ಟುಕೋ. ನನ್ನನ್ನು ಹೊತ್ತುಕೊಂಡು ಹೋಗಿ ಕೂರಿಸಿದರೂ ನಾನು ಅಲ್ಲಿ ಓದುವುದಿಲ್ಲ. ಮನ್ರೋ ಬಿಡುವುದಿಲ್ಲ, ವಿಭಾಳನ್ನು ಬಿಡುವುದಿಲ್ಲ. ಬೇಕಾದರೆ ನಿನ್ನ ರಿಜಿಸ್ಟರಿನಲ್ಲಿ ಬರೆದುಕೋ.

ನಿನ್ನ
ಅಕ್ಷತಾ


ಗದಗ
ದಿನಾಂಕ: 9-12-2024

ನನ್ನವ್ವ ಅಕ್ಷತಾ,

ವಿಷಯ: ಯಾವುದೂ ಇಲ್ಲ, ಒಂದು ಹಳೆಯ ಸಂಗತಿ.

ಜ್ವರದ ಬಗ್ಗೆ ನೀನು ಹೇಳಿದ್ದು ನಿಜ. ಟಿವಿಯ ಗದ್ದಲವೇ ಇರಬೇಕು.

1994ರಲ್ಲಿ ಶಿವಲಿಂಗಮ್ಮ ಅಂತ ಒಬ್ಬ ಹುಡುಗಿ ಒಂಬತ್ತನೆಯ ಇಯತ್ತೆಯಲ್ಲಿದ್ದಳು. ಗಣಿತದಲ್ಲಿ ಬಹಳ ಚುರುಕು. ಜೂನ್ ತಿಂಗಳಲ್ಲಿ ಅವಳ ತಂದೆ ಟಿ.ಸಿ. ಕೇಳಲು ಬಂದರು. ಹುಡುಗಿ ಅವರ ಹಿಂದೆ ನಿಂತಿದ್ದಳು. "ಕಾರಣ ಏನಂತ ಬರೀಲ್ರಿ?" ಅಂದೆ. "ನೀವು ದಿನಾ ಏನ್ ಬರೀತೀರಿ ಅದನ್ನ ಬರೀರಿ" ಅಂದರು. ಆಗ ಆ ಹುಡುಗಿ ಕೌಂಟರಿನ ಆಚೆಯಿಂದ ನನ್ನನ್ನೇ ನೋಡಿದಳು. ನಾನು ಒಂದು ಮಾತು ಕೇಳುತ್ತೇನೆ ಅಂತ ಕಾಯುತ್ತಿದ್ದಳು. ಹೊರಗೆ ಇನ್ನೂ ಇಪ್ಪತ್ತು ಮಂದಿ ನಿಂತಿದ್ದರು. ನಾನು ತಲೆ ತಗ್ಗಿಸಿ, ಪಾಲಕರ ಕೋರಿಕೆಯ ಮೇರೆಗೆ, ಅಂತ ಬರೆದು ಮುದ್ರೆ ಒತ್ತಿದೆ. ಅವಳು ಮುಂದೆ ಎಲ್ಲಿ ಹೋದಳೋ, ಓದಿದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಇದನ್ನು ನಾನು ಯಾರಿಗೂ ಹೇಳಿದವಳಲ್ಲ.

ನಿನ್ನ ಪತ್ರ ಓದಿದಾಗಿನಿಂದ ಆ ಹುಡುಗಿಯ ಮುಖ ಕಣ್ಣ ಮುಂದೆ ಬರುತ್ತಿದೆ. ನಿನ್ನ ವಿಷಯದಲ್ಲಿ ಹಾಗಾಗಲು ನಾನು ಬಿಡುವುದಿಲ್ಲ. ನೀನು ಬರೆದುಕೋ ಅಂದಿದ್ದನ್ನು ಬರೆದುಕೊಂಡಿದ್ದೇನೆ. ನಿಶ್ಚಿಂತೆಯಿಂದ ಇರು.

ಚಳಿ ಬಹಳ ಎಂದು ಕೇಳಿದ್ದೇನೆ. ಕಿವಿ ಮುಚ್ಚುವ ಟೋಪಿ ಹಾಕಿಕೋ.

ನಿನ್ನ ಆಯಿ


ಮನ್ರೋ
ಜನವರಿ 12, 2025, ರವಿವಾರ

ಪ್ರೀತಿಯ ಆಯಿ,

ನಿನ್ನ ಪತ್ರ ಹಬ್ಬದ ರಜೆಯಲ್ಲಿ ಬಂತು. ಶಿವಲಿಂಗಮ್ಮನ ಸಂಗತಿ ಓದಿದೆ. ಕೂಡಲೇ ಉತ್ತರ ಬರೆಯಬೇಕಿತ್ತು. ಎರಡು ಸಲ ಶುರು ಮಾಡಿ ಹರಿದೆ.

ಓಪನ್ ಹೌಸ್‌ಗೆ ಹೋಗಿ ಬಂದೆವು. ಪರೀಕ್ಷೆಯೂ ಆಯಿತು. ಉಳಿದದ್ದನ್ನು ಪತ್ರದಲ್ಲಿ ಬರೆಯಲು ನಾಚಿಕೆ, ಹಿಂದಿನ ಪತ್ರದಲ್ಲಿ ಅಷ್ಟು ಜೋರಾಗಿ ಬರೆದಿದ್ದೆನಲ್ಲ. ಅದಕ್ಕೇ ಹೋದ ರವಿವಾರ ಪಪ್ಪಾ ಮನೆ ಮುಂದಿನ ಡ್ರೈವ್‌ವೇಯಲ್ಲಿ ಸ್ನೋ ತೆಗೆಯಲು ಹೋದಾಗ ಕಾಲ್‌ನಲ್ಲಿ ನಿನಗೊಬ್ಬಳಿಗೇ ಎಲ್ಲ ಹೇಳಿದೆ. ನೀನು ಬೈಯುತ್ತೀ ಅಂದುಕೊಂಡಿದ್ದೆ. "ಹೂಂ, ಚಲೋ ಆತು ಬಿಡವಾ" ಅಂದೆ. ನನಗೆ ಅಷ್ಟು ಸಾಕು, ಆಯಿ. ಆ ದಿನ ಎಷ್ಟು ಹಗುರಾಯಿತು ಅಂದರೆ ನಾನೂ ಹೋಗಿ ಪಪ್ಪಾ ಜೊತೆ ಸ್ನೋ ತೆಗೆದೆ. ಅವರಿಗೆ ಇನ್ನೂ ಏನೂ ಹೇಳಿಲ್ಲ. ರಿಸಲ್ಟ್ ಬರಲಿ, ಆಮೇಲೆ ಹೇಳಿದರಾಯಿತು.

ಟೋಪಿ ಹಾಕಿಕೊಳ್ಳುತ್ತಿದ್ದೇನೆ.

ನಿನ್ನ
ಅಕ್ಷತಾ


ಗದಗ
ದಿನಾಂಕ: 3-2-2025

ನನ್ನವ್ವ ಅಕ್ಷತಾ,

ವಿಷಯ: ನಿನ್ನ ಕೆಲಸ ಆಗಿದೆ.
ಉಲ್ಲೇಖ: ನಿನ್ನ ದಿನಾಂಕ 17-11-2024ರ ಪತ್ರ ಹಾಗೂ ಕಾಲ್‌ನಲ್ಲಿ ಹೇಳಿದ ಸಂಗತಿ.

ನೀನು ಕಾಲ್‌ನಲ್ಲಿ ಹೇಳಿದ್ದೆಲ್ಲ ನನಗೆ ನೆನಪಿದೆ. ಅಳುಕಬೇಡ.

ಮೊನ್ನೆ ನಿನ್ನ ಅಪ್ಪನಿಗೆ ನಾನೇ ಫೋನ್ ಹಚ್ಚಿದೆ. ಮಾತನಾಡುವವಳು ನಾನೊಬ್ಬಳೇ ಆದರೆ ಫೋನ್ ಸುಲಭ. "ಕಿರಣ, ಆ ಹುಡುಗಿನ್ನ ಎರಡು ಸಲ ಕಿತ್ತು ನೆಟ್ಟೀರಿ. ಮೂರನೇ ಸಲ ಕೀಳಬ್ಯಾಡ್ರಿ. ಅಕಿ ಗೆಳತಿ ಜೋಡಿ ಅಲ್ಲೇ ಓದಲಿ. ಇದು ನನ್ನ ಮಾತು" ಅಂದೆ. ಅವನು ಒಂದಷ್ಟು ಹೊತ್ತು ಏನೋ ಹೇಳುತ್ತಿದ್ದ. ಕೊನೆಗೆ, "ಆತವ್ವ" ಅಂತ ಬಾಯಿ ಆಡಿಸಿದ್ದು ಪರದೆಯಲ್ಲಿ ನೋಡಿದೆ. ನನ್ನ ಮಗ ನನ್ನ ಮಾತು ಮೀರುವವನಲ್ಲ.

ಪಪ್ಪಾಗೆ ಹೇಳಬೇಡ ಅಂತ ನೀನು ಬರೆದಿದ್ದೆ, ನಿಜ. ಆದರೆ ಕಚೇರಿಯಲ್ಲಿ ಕೂತು ಒಮ್ಮೆ ಸುಮ್ಮನಿದ್ದೆ, ಇನ್ನೊಮ್ಮೆ ಸುಮ್ಮನಿರಲಾರೆ. ನೀನು ಹೋಗಿ ಮಡಕೆ ಮಾಡು. ಮೊದಲನೆಯದು ನನಗೆ.

ನಿನ್ನ ಆಯಿ


ಮನ್ರೋ
ಫೆಬ್ರವರಿ 23, 2025, ರವಿವಾರ

ಆಯಿ,

ವಿಭಾಳ ತಂದೆ ಸೂರ್ಯನಾರಾಯಣ ಅಂಕಲ್ ನಾಡಿದ್ದು ಇಂಡಿಯಾಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ, ಬೆಂಗಳೂರಿನಿಂದ ಸ್ಪೀಡ್ ಪೋಸ್ಟ್ ಮಾಡುತ್ತಾರೆ. ಇವತ್ತು ಕಾಲ್‌ಗೆ ನಾನು ಬರಲಿಲ್ಲ. ನಿದ್ದೆ ಅಂತ ಮಮ್ಮಿ ಹೇಳಿದಳಲ್ಲ, ಅದು ಸುಳ್ಳು. ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ.

ಫೆಬ್ರವರಿ 14ಕ್ಕೆ ರಿಸಲ್ಟ್ ಬಂತು. ಅಕಾಡೆಮಿಯಲ್ಲಿ ನನಗೆ ಸೀಟು ಸಿಕ್ಕಿದೆ. ಪಪ್ಪಾ ಇಮೇಲ್ ಓದಿದರು. ಮುಖ ಅರಳಿತು, ನಾನು ನೋಡಿದೆ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ, "ಇರಲಿ ಬಿಡು, ಆಯಿಗೆ ಮಾತು ಕೊಟ್ಟೀನಿ. ನೀ ಇಲ್ಲೇ ಓದು" ಅಂದರು. ಫ್ರಿಜ್ ಮೇಲಿನ ಕಾಗದಗಳನ್ನು ಒಂದೊಂದಾಗಿ ಬಿಡಿಸಿದರು. ಮಾರ್ಚ್ 14ರೊಳಗೆ ಬರುತ್ತೇವೆ ಅಂತ ಉತ್ತರ ಕೊಡದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ.

ನನಗೆ ಅಲ್ಲಿಗೆ ಹೋಗಬೇಕು, ಆಯಿ. ಇದನ್ನೇ ನಾನು ಕಾಲ್‌ನಲ್ಲಿ ಹೇಳಿದ್ದು. ನೀನು ಚಲೋ ಆತು ಅಂದು, ಒಂದು ತಿಂಗಳಾಗುವುದರೊಳಗೆ ಪಪ್ಪಾಗೆ ಉಲ್ಟಾ ಹೇಳಿದೆ. ಯಾಕೆ?

ಓಪನ್ ಹೌಸ್‌ನಲ್ಲಿ ಏನಾಯಿತು ಅಂತ ಇಲ್ಲಿ ಇನ್ನೊಮ್ಮೆ ಹೇಳುತ್ತೇನೆ. ಒಂದು ಸಣ್ಣ ಕೋಣೆಯಲ್ಲಿ ದೊಡ್ಡ ಹುಡುಗಿಯೊಬ್ಬಳು ಬಂದವರ ಕಿವಿ ಪರೀಕ್ಷೆ ಮಾಡುತ್ತಿದ್ದಳು. ಅಲ್ಲಿ ಅದನ್ನೂ ಕಲಿಸುತ್ತಾರೆ. ಹೆಡ್‌ಫೋನ್ ಹಾಕುವುದು, ಬೀಪ್ ಕೇಳಿದಾಗ ಬಟನ್ ಒತ್ತುವುದು, ಅಷ್ಟೇ. ಮೊಮ್ಮಗಳ ಜೊತೆ ಬಂದ ಒಬ್ಬ ಗುಜರಾತಿ ಅಜ್ಜ ಕೂತರು. ಎಲ್ಲ ಬೀಪ್‌ಗೂ ಸರಿಯಾಗಿ ಬಟನ್ ಒತ್ತಿದರು. ಅವರ ಮನೆಯವರು ಚಪ್ಪಾಳೆ ತಟ್ಟಿದರು. ಆದರೆ ಆ ಹುಡುಗಿ ಅಜ್ಜನ ಕುರ್ಚಿಯನ್ನು ಮೆಲ್ಲಗೆ ಗೋಡೆ ಕಡೆ ತಿರುಗಿಸಿದಳು. ಆಮೇಲೆ ಅವರು ಒಂದು ಸಲವೂ ಒತ್ತಲಿಲ್ಲ. ಅಷ್ಟು ಹೊತ್ತು ಬೀಪ್ ಕೊಡುವ ಅವಳ ಕೈ ನೋಡಿಕೊಂಡು ಒತ್ತುತ್ತಿದ್ದರು. ಅವಳು ಅವರ ಎದುರಿಗೆ ಕೆಳಗೆ ಕೂತು, ಕೈ ಹಿಡಿದು, "ಎಷ್ಟು ದಿನದಿಂದ ಹೀಗೆ?" ಅಂತ ಕೇಳಿದಳು. ಅಜ್ಜನ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ಕುರ್ಚಿ ತಿರುಗಿಸಬೇಕು ಅಂತ ಅವಳಿಗೆ ಹೇಗೆ ಗೊತ್ತಾಯಿತೋ, ಅದನ್ನು ನಾನು ಕಲಿಯಬೇಕು ಅಂತ ಆವಾಗಲೇ ಅನಿಸಿತು.

ವಿಭಾಗೆ ಹೇಳಿದ್ದೇನೆ. ಎರಡು ದಿನ ಮಾತು ಬಿಟ್ಟಿದ್ದಳು. ಮೂರನೆಯ ದಿನ, "ಹೋಗೇ, ಶನಿವಾರ ಅಂತೂ ಇಲ್ಲೇ ಇರ್ತೀಯಲ್ಲ" ಅಂದಳು.

ಆಯಿ, ಈ ಅಜ್ಜನ ಸಂಗತಿ ಬರೆಯುತ್ತಾ ಬರೆಯುತ್ತಾ ನನ್ನ ಕೈ ನಿಂತಿತು. ಜ್ವರ ಅಂದಾಗ ನಿನಗೆ ಸಂತೋಷವಾಗಿತ್ತು. ಪಪ್ಪಾ ಆತವ್ವ ಅಂದಿದ್ದನ್ನು ನೋಡಿದೆ ಅಂತ ಬರೆದಿದ್ದೀ, ಕೇಳಿದೆ ಅಂತ ಬರೆದಿಲ್ಲ. ಜನವರಿ 5ಕ್ಕೆ ನಾನು ಹೇಳಿದ್ದು ನಿನಗೆ ಕೇಳಿಸಿತ್ತಾ? ನಿಜ ಹೇಳು.

ಅಕ್ಷತಾ


ಗದಗ
ದಿನಾಂಕ: 3-3-2025

ನನ್ನವ್ವ ಅಕ್ಷತಾ,

ಇಲ್ಲ. ಕೇಳಿಸಿರಲಿಲ್ಲ.

ಅವತ್ತು ಒಂದೇ ಅಲ್ಲ. ಮೂರು ನಾಲ್ಕು ವರ್ಷದಿಂದ ನೀವು ಪರದೆಯಲ್ಲಿ ಏನು ಮಾತಾಡಿದರೂ ನನಗೆ ಕೇಳುವುದಿಲ್ಲ. ಎದುರಿಗೆ ಕೂತವರು ಜೋರಾಗಿ ಹೇಳಿದರೆ ತುಟಿ ನೋಡಿ ಅರ್ಧ ತಿಳಿಯುತ್ತದೆ. ಕಾಕಾ ಹುಬ್ಬಳ್ಳಿಯಿಂದ ಕಿವಿಯ ಮಷಿನ್ ತಂದುಕೊಟ್ಟು ಎರಡು ವರ್ಷವಾಯಿತು. ಹಾಕಿದರೆ ಕುಯ್ಯೋ ಅನ್ನುತ್ತದೆ, ತಲೆ ಸಿಡಿಯುತ್ತದೆ. ಬಳೆಯ ಡಬ್ಬಿಯಲ್ಲಿ ಇಟ್ಟಿದ್ದೇನೆ. ಕೇಳಲಿಲ್ಲ ಅಂದರೆ ನೀವೆಲ್ಲ ಕೂಗಿ ಕೂಗಿ ದಣಿದು, ಕೊನೆಗೆ ಮುದುಕಿಗೇಕೆ ಹೇಳುವುದು ಅಂತ ಬಿಟ್ಟುಬಿಡುತ್ತೀರಿ ಅನ್ನುವ ಹೆದರಿಕೆ ನನಗೆ. ಅದಕ್ಕೆ ನಿಮ್ಮ ಮುಖ ನೋಡಿಕೊಂಡು, ನೀವು ನಕ್ಕರೆ ನಕ್ಕು, ಹೂಂ ಅಂದೆ. ನಿನ್ನ ಪತ್ರ ಬಂದಾಗ ಅಷ್ಟು ಖುಷಿ ಯಾಕೆ ಎಂದರೆ, ಅದರಲ್ಲಿ ನೀನು ಹೇಳಿದ್ದು ಪೂರ್ತಿ ನನಗೆ ಸಿಗುತ್ತದೆ.

ಶಿವಲಿಂಗಮ್ಮನನ್ನು ಒಂದು ಮಾತು ಕೇಳದೆ ಬರೆದೆ. ನಿನ್ನನ್ನೂ ಒಂದು ಮಾತು ಕೇಳದೆ ಫೋನ್ ಮಾಡಿದೆ. ಉಳಿಸುತ್ತೇನೆ ಅಂದುಕೊಂಡು ಅದನ್ನೇ ಮಾಡಿದೆ. ತಪ್ಪಾಯಿತು, ಅವ್ವ.

ನಾನು ಕೂಡಲೇ ಕಿರಣನಿಗೆ ಫೋನ್ ಮಾಡಬಹುದಿತ್ತು. ಆದರೆ ಅದೂ ನಾನು ಹೇಳಿದ ಹಾಗಾಗುತ್ತದೆ, ನೀನು ಹೇಳಿದ ಹಾಗಾಗುವುದಿಲ್ಲ. ಅದಕ್ಕೆ ಇದರೊಳಗೆ ಒಂದು ಕಾಗದ ಇಟ್ಟಿದ್ದೇನೆ. ಕಾಕಾ ನಾಳೆ ಹುಬ್ಬಳ್ಳಿಗೆ ಹೋಗಿ ಕೊರಿಯರ್ ಮಾಡುತ್ತಾನೆ, ಐದಾರು ದಿನದಲ್ಲಿ ಬರುತ್ತದಂತೆ. ಅದು ಟಿ.ಸಿ. ನನ್ನ ಹತ್ತಿರ ಅಚ್ಚಾದ ಫಾರ್ಮ್ ಇಲ್ಲ, ಫೂಟ್‌ಪಟ್ಟಿ ಹಿಡಿದು ಗೆರೆ ಎಳೆದು ಬರೆದಿದ್ದೇನೆ. ಒಂಬತ್ತನೆಯ ಕಾಲಮ್ ಖಾಲಿ ಬಿಟ್ಟಿದ್ದೇನೆ. ಅದನ್ನು ನೀನು ನಿನ್ನ ಕೈಯಿಂದ, ಅಪ್ಪ ಅವ್ವನ ಎದುರಿಗೆ ಕೂತು ತುಂಬಬೇಕು. ಪಾಲಕರ ಸಹಿ ಆಮೇಲೆ. ಬೇಡ ಅನಿಸಿದರೆ ಹರಿದು ಹಾಕಿ ಮನ್ರೋದಲ್ಲೇ ಇರು, ನನಗೆ ಬೇಸರವಿಲ್ಲ.

ಒಂದೇ ಷರತ್ತು. ನನ್ನ ಕಿವಿಯ ಸಲುವಾಗಿ ಹೋಗಬೇಡ. ಎಪ್ಪತ್ತು ವರ್ಷದ ಕಿವಿ, ಅದು ಹೋದರೆ ಹೋಗಲಿ. ನಿನಗೆ ಬೇಕೆಂದಿದ್ದರೆ ಮಾತ್ರ ಹೋಗು.

ಆ ಟಿ.ಸಿ.ಯ ಕೆಳಗಿನ ಅರ್ಧ ಕಚೇರಿಯ ಪ್ರತಿ. ತುಂಬಿ ವಾಪಸ್ ಕಳಿಸತಕ್ಕದ್ದು.

ನಿನ್ನ ಆಯಿ

ಕಿರಣನಿಗೆ: ಫೆಬ್ರವರಿಯಲ್ಲಿ ನಾನು ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಹುಡುಗಿ ಬರೆಯುವುದನ್ನು ಓದು. ಓದುವವರೆಗೆ ಬಾಯಿ ತೆರೆಯಬೇಡ.


ಮನ್ರೋ
ಮಾರ್ಚ್ 16, 2025, ರವಿವಾರ

ಪ್ರೀತಿಯ ಆಯಿ,

ಕೊರಿಯರ್ ಸೋಮವಾರ ಬಂತು. ನಿನ್ನ ಪತ್ರ ಓದಿ ಬಾತ್‌ರೂಮಿಗೆ ಹೋಗಿ ಅತ್ತೆ. ಸಿಟ್ಟೆಲ್ಲ ಅಲ್ಲೇ ಹೋಯಿತು.

ಸಂಜೆ ಊಟದ ಮೇಜಿನ ಮೇಲೆ ನಿನ್ನ ಟಿ.ಸಿ. ಹರವಿದೆ. ಪಪ್ಪಾ ಅದನ್ನು ನೋಡಿ, "ಅವ್ವನ ಅಕ್ಷರ ಇನ್ನೂ ಹಂಗ ಅದಾವು" ಅಂದರು. ಆಮೇಲೆ ಪತ್ರದಲ್ಲಿ ತಮಗೆ ಬರೆದ ಸಾಲು ಓದಿ ಬಾಯಿ ಮುಚ್ಚಿದರು. ನಾನು ಪೆನ್ನು ತೆಗೆದುಕೊಂಡೆ. ಬರೆಯಲು ಬಹಳ ಹೊತ್ತು ಹಿಡಿಯಿತು, ಯಾರೂ ಅವಸರ ಮಾಡಲಿಲ್ಲ. ಬರೆದು ಪಪ್ಪಾ ಕಡೆ ತಳ್ಳಿದೆ.

ಓದಿ, "ನಿನಗ ಹೋಗಬೇಕಂತ ಇತ್ತಂದ್ರ ಮೊದಲ ಯಾಕ ಹೇಳಲಿಲ್ಲ?" ಅಂದರು.

ನನಗೆ ಅಳು ಬಂದರೆ ಇಂಗ್ಲಿಷೇ ಬರುತ್ತದೆ. "ಯೂ ಆಸ್ಕ್ಡ್ ದ ಫ್ರಿಜ್. ದೆನ್ ಯೂ ಆಸ್ಕ್ಡ್ ಆಯಿ. ಯೂ ನೆವರ್ ಆಸ್ಕ್ಡ್ ಮಿ" ಅಂದೆ.

ಪಪ್ಪಾ ಕನ್ನಡಕ ತೆಗೆದು ಅಂಗಿಯಿಂದ ಒರೆಸಿದರು. ಆಮೇಲೆ, "ತಪ್ಪಾತು. ಈಗ ಕೇಳ್ತೀನಿ. ನಿನಗ ಏನ್ ಬೇಕು?" ಅಂದರು. ನಾನು ಎಲ್ಲ ಹೇಳಿದೆ, ಅಜ್ಜನ ಕುರ್ಚಿಯದ್ದೂ. ಹೊಸ ಶಾಲೆಯಲ್ಲಿ ಮತ್ತೆ ಲೈಬ್ರರಿಯಲ್ಲಿ ಊಟ ಮಾಡಬೇಕಾಗುತ್ತದೇನೋ ಅಂತ ಹೆದರಿಕೆ ಇದೆ ಅಂತಲೂ ಹೇಳಿದೆ. ಆಗ ಮಮ್ಮಿ, "ಲೈಬ್ರರಿ ಟೀಚರ್ ಆಗಲೇ ನನಗ ಫೋನ್ ಮಾಡಿದ್ರು. ನೀನಾಗೇ ಹೇಳ್ತಿ ಅಂತ ಕಾದೆ. ಎರಡೂವರೆ ವರ್ಷ ಆತು" ಅಂದಳು. ನೋಡು, ನಮ್ಮ ಮನೆಯಲ್ಲಿ ಎಲ್ಲರೂ ನಿನ್ನ ಹಾಗೆಯೇ.

ಬುಧವಾರ ಪಪ್ಪಾ ಲ್ಯಾಪ್‌ಟಾಪ್ ನನ್ನ ಮುಂದೆ ಇಟ್ಟರು. ಸೀಟು ಬೇಕು ಅನ್ನುವ ಬಟನ್ ನಾನೇ ಒತ್ತಿದೆ. ಸೆರಾಮಿಕ್ಸ್ ವಿಭಾ ತೆಗೆದುಕೊಳ್ಳುತ್ತಾಳೆ, ಬೇಸಿಗೆಯಲ್ಲಿ ನನಗೂ ಕಲಿಸುತ್ತಾಳಂತೆ. ನಿನ್ನ ಮಡಕೆ ಸೊಟ್ಟಗಿದ್ದರೆ ಅವಳನ್ನು ಬೈಯಿ.

ಕಚೇರಿಯ ಪ್ರತಿ ಇದರೊಳಗಿದೆ. ಒಂಬತ್ತನೆಯ ಕಾಲಮ್ ಓದು. ಗುಣನಡತೆಯ ಕಾಲಮ್ ನಾನು ತುಂಬಿಲ್ಲ, ಅದು ನಿನ್ನ ಕೆಲಸ. ನಾನೂ ಒಂದು ಷರತ್ತು ಹಾಕುತ್ತೇನೆ. ಬಳೆಯ ಡಬ್ಬಿಯಿಂದ ಮಷಿನ್ ತೆಗೆ. ಹುಬ್ಬಳ್ಳಿಗೆ ಒಯ್ದು ತೋರಿಸಿದರೆ ಕುಯ್ಯೋ ಅನ್ನುವುದನ್ನು ಸರಿ ಮಾಡುತ್ತಾರೆ. ನಾನು ಓಪನ್ ಹೌಸ್‌ನ ಆ ಹುಡುಗಿಗೆ ಇಮೇಲ್ ಮಾಡಿ ಕೇಳಿದೆ.

ನಿನ್ನ
ಅಕ್ಷತಾ


ಗದಗ
ದಿನಾಂಕ: 8-4-2025

ನನ್ನವ್ವ ಅಕ್ಷತಾ,

ವಿಷಯ: ಕಚೇರಿಯ ಪ್ರತಿ ತಲುಪಿದ ಬಗ್ಗೆ.

ನಿನ್ನ ಪ್ರತಿ ತಲುಪಿದೆ, ದಾಖಲೆಗೆ ಸೇರಿಸಿದೆ. ದಾಖಲೆ ಎಂದರೆ ನನ್ನ ಬಳೆಯ ಡಬ್ಬಿ. ಅಲ್ಲೀಗ ಜಾಗ ಖಾಲಿ ಇದೆ.

ಒಂಬತ್ತನೆಯ ಕಾಲಮ್ಮಿನಲ್ಲಿ ನೀನು ಬರೆದದ್ದನ್ನು ಇಲ್ಲಿ ಮತ್ತೊಮ್ಮೆ ಬರೆಯುತ್ತೇನೆ, ಬರೆಯಲು ನನ್ನ ಕೈಗೆ ಆಸೆಯಾಗುತ್ತದೆ. "ಶಾಲೆ ಬಿಡಲು ಕಾರಣ: ವಿದ್ಯಾರ್ಥಿನಿಗೆ ಅಲ್ಲಿ ಕಲಿಯಬೇಕೆಂದು ಅನಿಸಿದೆ. ಹೆದರಿಕೆಯೂ ಇದೆ." ಮೂವತ್ತೊಂದು ವರ್ಷದಲ್ಲಿ ಇಂಥ ಟಿ.ಸಿ. ನನ್ನ ಕೌಂಟರಿನಿಂದ ಒಂದೂ ಹೋಗಿರಲಿಲ್ಲ. ಗುಣನಡತೆಯಲ್ಲಿ ಎಲ್ಲರಿಗೂ ತೃಪ್ತಿಕರ ಎಂದು ಬರೆಯುತ್ತಿದ್ದೆ. ನಿನ್ನದರಲ್ಲಿ, ನಿಜ ಹೇಳುತ್ತಾಳೆ, ಎಂದು ಬರೆದಿದ್ದೇನೆ.

ನಿನ್ನ ಷರತ್ತು ಪಾಲಿಸಿದೆ. ಕಾಕಾ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಕಿವಿಯೊಳಗೆ ಕೂರುವ ಅಚ್ಚು ಸಡಿಲವಿತ್ತಂತೆ, ಹೊಸದು ಮಾಡಿಕೊಟ್ಟರು. ಮೊದಲ ಎರಡು ದಿನ ಸೊಸೆ ಪಾತ್ರೆ ತೊಳೆಯುವ ಸದ್ದಿಗೇ ಬೆಚ್ಚಿಬೀಳುತ್ತಿದ್ದೆ. ಮೊನ್ನೆ ರವಿವಾರ ಅದನ್ನು ಹಾಕಿಕೊಂಡೇ ನಿಮ್ಮ ಕಾಲ್‌ಗೆ ಕೂತೆ. ನಿಮಗೆ ಹೇಳಲಿಲ್ಲ, ನನಗೇ ನಂಬಿಕೆ ಇರಲಿಲ್ಲ. ಹೂಂ ಅನ್ನದೆ ಸುಮ್ಮನೆ ಕೂತಿದ್ದೆನಲ್ಲ, "ಯಾಕ ಆಯಿ, ಆರಾಮ ಇಲ್ಲೇನು?" ಅಂತ ನೀನು ಕೇಳಿದೆ. ನಾನು ಉತ್ತರ ಕೊಡದೆ ಎದ್ದು ಹೋದೆ. ನೀನು ಗಾಬರಿಯಾಗಿರಬೇಕು. ಕಾರಣ ಈಗ ಬರೆಯುತ್ತೇನೆ.

ಅಷ್ಟು ದಿನ ನಿನ್ನ ಪತ್ರ ಓದುವಾಗೆಲ್ಲ ನನ್ನ ಮನಸ್ಸಿನಲ್ಲಿ ಮೂರನೆಯ ಇಯತ್ತೆಯ ದನಿ ಓದುತ್ತಿತ್ತು. ಗದಗ ಬಿಡುವಾಗಿನ ಆ ಸಣ್ಣ ದನಿ. ನೀನು ದೊಡ್ಡವಳಾಗಿದ್ದನ್ನು ಪರದೆಯಲ್ಲಿ ಪ್ರತಿ ವಾರ ನೋಡಿದ್ದೇನೆ, ಆದರೆ ನಿನ್ನ ದನಿ ಬದಲಾದದ್ದು ನನಗೆ ಗೊತ್ತೇ ಇರಲಿಲ್ಲ. ಮೊನ್ನೆ ಕೇಳಿದೆ. ಗಟ್ಟಿ ದನಿ, ನಿಂತು ಮಾತಾಡುವವಳ ದನಿ. ಅದು ಯಾವಾಗ ಬಂತೋ ಎಂದು ಅಳು ತಡೆಯಲಾಗದೆ ಎದ್ದು ಹೋದೆ.

ಈ ರವಿವಾರ ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿಕೊಂಡು ಕೂರುತ್ತೇನೆ. ನೀನು ಮಾತಾಡು.

ನಿನ್ನ ಆಯಿ